ಬೇಸಗೆಯ ರಜೆ ಮತ್ತು ಕಂಪ್ಯೂಟರ್ ಅಂಗಡಿ

ಏಪ್ರಿಲ್ ತಿಂಗಳ ನಡುವಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಮತ್ತೆ ತೆರೆಯುವುದು ಮೇ ತಿಂಗಳು ಮುಗಿಯುವ ಹೊತ್ತಿಗೆ. ಹೆಚ್ಚುಕಡಿಮೆ ಒಂದೂವರೆ ತಿಂಗಳ ಈ ಬಿಡುವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆ ನಾನು ಹುಡುಗನಾಗಿದ್ದಾಗ ಹುಟ್ಟುತ್ತಲೇ ಇರಲಿಲ್ಲ. ಅಜ್ಜಿಯ ಊರಿತ್ತು, ಊರ ಹೊರಗೆ ಮಾವಿನ ತೋಪಿತ್ತು, ಈಜಲು ಕೆರೆಯಿತ್ತು. ಈಗ ಅನೇಕರ ಪಾಲಿಗೆ ಅಜ್ಜಿಯೇ ಪಟ್ಟಣದ ಮಗನ ಮನೆಗೆ ಬಂದು ನೆಲೆಸಿದ್ದಾಳೆ. ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣವೆದ್ದಿದೆ. ಅನುಕೂಲವಂತರ ಮಕ್ಕಳು ಬೇಸಗೆ ಶಿಬಿರಕ್ಕೋ ಮನೆಪಾಠಕ್ಕೋ ಹೋಗುತ್ತಾರೆ. ಉಳಿದವರಿಗೆ ಓಣಿಯ ಕ್ರಿಕೆಟ್ಟು, ಬಿಸಿಲೇರಿದ ಮೇಲೆ ಮೊಬೈಲ್ ಫೋನಿನ ಪರದೆ. ಇವೆರಡರ ನಡುವೆ ಮೂರನೆಯದೊಂದು ದಾರಿಯುಂಟು. ಅದರ ವಿಚಾರವಾಗಿ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಳೆದ ಬೇಸಗೆಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ಜಗಲಿಯಲ್ಲಿ ನಿಂತ. ಅವನ ತಂದೆ ದರ್ಜಿ. ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದ. ಜನವರಿಯಲ್ಲಿ ಹದಿನೈದು ತುಂಬಿತ್ತು. ಏನಪ್ಪ ಬಂದದ್ದು ಎಂದು ಕೇಳಿದೆ.

“ಮೇಷ್ಟ್ರೇ, ಪೇಟೆ ಬೀದಿಯ ಕಂಪ್ಯೂಟರ್ ಅಂಗಡಿಯವರು ನಿಮಗೆ ಗೊತ್ತಲ್ಲ. ರಜೆಯಲ್ಲಿ ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ನೀವು ಒಂದು ಮಾತು ಹೇಳಬೇಕು.”

“ನಿನಗೆ ಅಲ್ಲಿ ಏನು ಕೆಲಸ ಬರುತ್ತದೆ?”

“ಏನಾದರೂ ಸರಿ. ಗುಡಿಸು ಎಂದರೆ ಗುಡಿಸುತ್ತೇನೆ. ಆ ಪೆಟ್ಟಿಗೆಯ ಒಳಗೆ ಏನೇನಿದೆಯೋ ನೋಡಬೇಕು, ಮೇಷ್ಟ್ರೇ.”

ಅವನ ಮಾತಿನ ಕೊನೆಯ ವಾಕ್ಯ ನನಗೆ ಹಿಡಿಸಿತು. ಆದರೆ ಅವನ ಮನೆಯಲ್ಲಿ ಯಾರಿಗೂ ಈ ಯೋಚನೆ ಹಿಡಿಸಿರಲಿಲ್ಲ. ತಾಯಿಗೆ ಊರಿನವರ ಬಾಯಿಯ ಭಯ. ಮಗನನ್ನು ದುಡಿಮೆಗೆ ಹಚ್ಚುವ ಗತಿ ಬಂದಿತೇ ಎಂದು ನೆಂಟರು ಆಡಿಕೊಂಡರೆ ಏನು ಹೇಳುವುದು? ತಂದೆಯ ಚಿಂತೆ ಬೇರೆ. “ಬರುವ ವರ್ಷ ಎಸ್.ಎಸ್.ಎಲ್.ಸಿ. ಇದೆ ಸ್ವಾಮಿ. ಇವನು ಹೋಗಿ ಅಂಗಡಿಯಲ್ಲಿ ಕುಳಿತರೆ ಲೆಕ್ಕ ಕಲಿಯುವುದು ಯಾವಾಗ?” ಎಂದರು ಅವರು. ಎರಡೂ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ತಾಯಿಯ ಸಂಕೋಚಕ್ಕೆ ಉತ್ತರ ಸುಲಭ. ವಿದ್ಯಾರ್ಥಿಯಾದವನು ದುಡಿಯುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ವಾರಾನ್ನದ ಮನೆಗಳಲ್ಲಿ ಉಂಡು, ಆ ಮನೆಗಳಿಗೆ ನೀರು ಸೇದಿಕೊಟ್ಟು ಓದಿದವರ ಕಥೆಯನ್ನು ನಿಮ್ಮ ಹಿರಿಯರು ಬಲ್ಲರು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು. ರಾಮೇಶ್ವರದ ಬೀದಿಗಳಲ್ಲಿ ಬೆಳಗಿನ ಪತ್ರಿಕೆ ಹಂಚಿದ ಹುಡುಗ ಅಬ್ದುಲ್ ಕಲಾಂ 2002ರಲ್ಲಿ ರಾಷ್ಟ್ರಪತಿಗಳಾದರು. ಇವರಾರೂ ದುಡಿಮೆಯಿಂದ ಮಾನ ಕಳೆದುಕೊಂಡವರಲ್ಲ.

ಈ ಪ್ರಸಂಗಕ್ಕೆ ಇನ್ನೂ ಹತ್ತಿರವಾದದ್ದು ಮೈಕೇಲ್ ಫ್ಯಾರಡೆಯ ಕಥೆ. ಕಮ್ಮಾರನ ಮಗನಾದ ಫ್ಯಾರಡೆ 1791ರಲ್ಲಿ ಹುಟ್ಟಿದವನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಲಂಡನ್ನಿನ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು ಕಲಿಯಲು ಸೇರಿದ. ಕಟ್ಟಲೆಂದು ಕೈಗೆ ಬಂದ ಪುಸ್ತಕಗಳನ್ನು ಕಟ್ಟುವ ಮೊದಲು ಓದುವುದು ಅವನ ಅಭ್ಯಾಸ. ವಿಶ್ವಕೋಶವೊಂದರಲ್ಲಿ ವಿದ್ಯುತ್ತನ್ನು ಕುರಿತ ಲೇಖನವನ್ನೂ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕವನ್ನೂ ಅವನು ಓದಿದ್ದು ಹಾಗೆಯೇ. ಯಜಮಾನ ಗದರಲಿಲ್ಲ. ಅಂಗಡಿಯಲ್ಲಿಯೇ ಸಣ್ಣಪುಟ್ಟ ಪ್ರಯೋಗಗಳನ್ನು ಮಾಡಿಕೊಳ್ಳಲು ಬಿಟ್ಟ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಚೀಟಿಯಿಂದ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಫ್ಯಾರಡೆ ಆ ಉಪನ್ಯಾಸಗಳನ್ನು ಬರೆದುಕೊಂಡು, ತಾನು ಕಲಿತ ಕಸುಬಿನಿಂದಲೇ ಅದಕ್ಕೆ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. ಮರುವರ್ಷ ರಾಯಲ್ ಇನ್ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಅವನಿಗೆ ಸಹಾಯಕನ ಕೆಲಸ ಸಿಕ್ಕಿತು. 1831ರಲ್ಲಿ ಅವನು ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇಂದು ನಮ್ಮ ಜಲವಿದ್ಯುತ್ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದೆ. ಈ ಕಥೆಯಲ್ಲಿ ಫ್ಯಾರಡೆಯಷ್ಟೇ ದೊಡ್ಡವನಾಗಿ ನನಗೆ ಕಾಣುವವನು ರೀಬೋ. ಅಂಥ ಯಜಮಾನ ಎಲ್ಲರಿಗೂ ಸಿಕ್ಕುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಕಂಪ್ಯೂಟರಿನ ಚರಿತ್ರೆಯಲ್ಲಿಯೂ ಇಂಥ ಹುಡುಗರಿದ್ದಾರೆ. 1968ರಲ್ಲಿ ಅಮೆರಿಕದ ಸಿಯಾಟಲ್ ನಗರದ ಒಂದು ಕಂಪ್ಯೂಟರ್ ಸಂಸ್ಥೆ ತನ್ನ ಯಂತ್ರದ ಕ್ರಮವಿಧಿಗಳಲ್ಲಿದ್ದ ದೋಷಗಳನ್ನು ಹುಡುಕಿಕೊಡಲು ಕೆಲವು ಶಾಲಾ ಹುಡುಗರನ್ನು ಗೊತ್ತುಮಾಡಿಕೊಂಡಿತು. ಕೂಲಿಯ ಬದಲು ಅವರಿಗೆ ಸಿಕ್ಕಿದ್ದು ಯಂತ್ರವನ್ನು ಬಳಸುವ ಸಮಯ. ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಆ ಗುಂಪಿನಲ್ಲಿದ್ದರು. ಸ್ಟೀವ್ ಜಾಬ್ಸ್ ಹುಡುಗನಾಗಿದ್ದಾಗ ದೂರವಾಣಿ ಪುಸ್ತಕದಲ್ಲಿ ಬಿಲ್ ಹ್ಯೂಲೆಟ್ ಅವರ ಸಂಖ್ಯೆ ಹುಡುಕಿ, ತನಗೆ ಬೇಕಾದ ಬಿಡಿಭಾಗಗಳನ್ನು ಕೇಳಿದ. ಬಿಡಿಭಾಗಗಳೂ ಸಿಕ್ಕವು, ಅವರ ಕಾರ್ಖಾನೆಯಲ್ಲಿ ಬೇಸಗೆಯ ಕೆಲಸವೂ ಸಿಕ್ಕಿತು. ಈ ಕಥೆಗಳನ್ನು ಹೇಳುವವರು ಸಾಮಾನ್ಯವಾಗಿ ಮುಂದೆ ಅವರು ಗಳಿಸಿದ ಕೋಟಿಗಳ ಲೆಕ್ಕಕ್ಕೆ ನೆಗೆಯುತ್ತಾರೆ. ನನಗೆ ಆ ಲೆಕ್ಕದಲ್ಲಿ ಆಸಕ್ತಿಯಿಲ್ಲ. ಬೇಸಗೆಯಲ್ಲಿ ದುಡಿದ ಹುಡುಗರಲ್ಲಿ ಲಕ್ಷಕ್ಕೊಬ್ಬನೂ ಹಾಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಹಾಗಾದರೆ ಅಂಗಡಿಯಿಂದ ಸಿಕ್ಕುವುದೇನು? ತಂದೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ನಮ್ಮ ಹುಡುಗನ ಮೊದಲ ವಾರದ ಒಂದು ಸಂಗತಿಯನ್ನು ಹೇಳುತ್ತೇನೆ. ಪತ್ರ ಬರಹಗಾರರೊಬ್ಬರು ತಮ್ಮ ಹಳೆಯ ಕಂಪ್ಯೂಟರನ್ನು ಹೊತ್ತು ತಂದರು. ಎಲ್ಲವೂ ಸರಿಯಾಗಿದೆ, ಆದರೆ ಅಂತರಜಾಲದ ಪುಟಗಳು ತೆರೆಯುವುದಿಲ್ಲ ಎಂಬುದು ಅವರ ದೂರು. ಅಂಗಡಿಯ ಯಜಮಾನರು ಪರದೆಯ ಮೂಲೆಯನ್ನು ತೋರಿಸಿ, “ನೋಡು, ತಾರೀಖು ಎಷ್ಟಿದೆ?” ಎಂದು ಹುಡುಗನನ್ನು ಕೇಳಿದರು. ತಾರೀಖು ಹತ್ತು ವರ್ಷ ಹಿಂದಿನದಾಗಿತ್ತು. ಕಂಪ್ಯೂಟರಿಗೆ ವಿದ್ಯುತ್ ನಿಂತಾಗಲೂ ಗಡಿಯಾರ ನಡೆಯಬೇಕೆಂದು ಒಳಗಿನ ಮುಖ್ಯ ಫಲಕದಲ್ಲಿ ನಾಣ್ಯದಂಥ ಒಂದು ಚಿಕ್ಕ ಬ್ಯಾಟರಿಯನ್ನು ಇಟ್ಟಿರುತ್ತಾರೆ. ಅದು ಮೂರು ವೋಲ್ಟಿನದು. ಅದರ ಮೇಲೆ ಕೊರೆದ 2032 ಎಂಬ ಅಂಕಿಯ ಅರ್ಥ ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದು ಸತ್ತರೆ ಯಂತ್ರಕ್ಕೆ ದಿನದ ನೆನಪು ತಪ್ಪುತ್ತದೆ. ಅಂತರಜಾಲದ ಸುರಕ್ಷಿತ ಪುಟಗಳು ತಮ್ಮ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯನ್ನು ಬರೆದುಕೊಂಡಿರುತ್ತವೆ; ಯಂತ್ರದ ತಾರೀಖು ಆ ಅವಧಿಯ ಹೊರಗಿದ್ದರೆ ಪುಟ ತೆರೆಯದು. ಸಣ್ಣದೊಂದು ಬ್ಯಾಟರಿ ಬದಲಾಯಿಸಿದ ಕೂಡಲೇ ದೊಡ್ಡ ಕಾಯಿಲೆ ವಾಸಿಯಾಯಿತು. ಆ ಸಂಜೆ ಹುಡುಗ ನಮ್ಮ ಮನೆಗೆ ಓಡಿಬಂದು ಈ ವಿಷಯವನ್ನು ಹೇಳಿದ ಸಂಭ್ರಮವನ್ನು ನೀವು ನೋಡಬೇಕಾಗಿತ್ತು!

ಮತ್ತೊಂದು ದಿನ ಗುಂಡಿ ಒತ್ತಿದರೆ ಕೂಗು ಹಾಕಿ ಸುಮ್ಮನಾಗುವ ಯಂತ್ರ ಬಂದಿತು. ರ‍್ಯಾಮ್ ಎಂಬ ಪಟ್ಟಿಯನ್ನು ಕಿತ್ತು, ಅದರ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ನೀವು ಪೆನ್ಸಿಲಿನ ಗೆರೆ ಅಳಿಸುವ ರಬ್ಬರಿನಿಂದಲೇ ಮೆಲ್ಲಗೆ ತಿಕ್ಕಿ, ಮತ್ತೆ ಕೂರಿಸಿದರು, ಯಂತ್ರ ಎದ್ದಿತು. ಇವುಗಳಲ್ಲಿ ಹುಡುಗ ಕಲಿತದ್ದು ಬ್ಯಾಟರಿಯ ವಿಷಯವನ್ನೋ ರಬ್ಬರಿನ ವಿಷಯವನ್ನೋ ಮಾತ್ರವಲ್ಲ. ಒಂದು ಯಂತ್ರ ಕೆಟ್ಟರೆ ಕಾರಣಗಳು ಹತ್ತಿರಬಹುದು. ಒಮ್ಮೆಗೆ ಒಂದನ್ನೇ ಬದಲಾಯಿಸಿ, ಫಲವನ್ನು ನೋಡಿ, ಅದಲ್ಲವೆಂದು ಖಚಿತವಾದ ಮೇಲೆ ಮುಂದಿನದಕ್ಕೆ ಹೋಗಬೇಕು. ವಿಜ್ಞಾನದ ಪುಸ್ತಕದಲ್ಲಿ ಪ್ರಯೋಗಕ್ರಮವೆಂದು ನೀವು ಬಾಯಿಪಾಠ ಮಾಡುವುದು ಇದನ್ನೇ. ಆ ತಂದೆ ಲೆಕ್ಕ ಕಲಿಯುವುದು ಯಾವಾಗ ಎಂದು ಕೇಳಿದರಲ್ಲ, ಬೆಳಗಿನ ಎರಡು ಗಂಟೆ ಲೆಕ್ಕಕ್ಕೆ, ಉಳಿದದ್ದು ಅಂಗಡಿಗೆ ಎಂದು ನಾವು ಒಪ್ಪಂದ ಮಾಡಿಕೊಂಡೆವು. ಕೈಯಿಂದ ಮಾಡಿದ ಕೆಲಸ ಬುದ್ಧಿಯಿಂದ ಮಾಡುವ ಕೆಲಸಕ್ಕೆ ಅಡ್ಡಿಯೆಂದು ತಿಳಿದಿರುವುದು ನಮ್ಮ ವಿದ್ಯಾಭ್ಯಾಸದ ಹಳೆಯ ರೋಗ.

ಕನ್ನಡ ಬಲ್ಲ ಹುಡುಗ ಅಂಗಡಿಗೂ ಬೇಕಾದವನೇ ಎಂಬುದು ಸ್ವಲ್ಪ ದಿನದಲ್ಲಿಯೇ ತಿಳಿಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಅವನು ಶಾಲೆಯಲ್ಲಿಯೇ ಬೆರಳಾಡಿಸಿ ಕಲಿತಿದ್ದ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿವೆಯೆಂದು ಗಿರಾಕಿಗಳು ಬಂದಾಗ, ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದ ಕಡೆ ತಿದ್ದಿಕೊಡುವುದು ಅವನ ಪಾಲಿಗೆ ಬಂದಿತು. ವ್ಯಾಕರಣ ಕಲಿತದ್ದು ಪ್ರಯೋಜನಕ್ಕೆ ಬಂದ ದಿನ ಯಾವ ಕನ್ನಡ ಮೇಷ್ಟ್ರಿಗೆ ಸಂತೋಷವಾಗುವುದಿಲ್ಲ?

ಇಷ್ಟು ಹೇಳಿದ ಮಾತ್ರಕ್ಕೆ ಅಂಗಡಿಯನ್ನು ಗುರುಕುಲವೆಂದು ಭಾವಿಸಬೇಡಿ. ಅಲ್ಲಿ ಕೆಟ್ಟದ್ದನ್ನೂ ಕಲಿಯಬಹುದು. ತಿಂಗಳ ನಡುವಿನಲ್ಲಿ ಹುಡುಗ ಬಂದು, “ಮೇಷ್ಟ್ರೇ, ಒಬ್ಬ ಗಿರಾಕಿ ಹಣ ಕೊಡದೆ ನಕಲು ತಂತ್ರಾಂಶ ಹಾಕಿಕೊಡು ಎನ್ನುತ್ತಾರೆ. ಎಲ್ಲ ಅಂಗಡಿಯಲ್ಲೂ ಹಾಕುತ್ತಾರಂತೆ,” ಎಂದ. ನಮ್ಮ ದೇಶದಲ್ಲಿ ಕಂಪ್ಯೂಟರಿನ ಕ್ರಮವಿಧಿಗೂ ಪುಸ್ತಕದಂತೆಯೇ ಹಕ್ಕುಸ್ವಾಮ್ಯವಿದೆ. ನಕಲೆಂದು ತಿಳಿದೂ ಬಳಸಿದವರಿಗೆ ಏಳು ದಿನಕ್ಕೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸವನ್ನೂ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡವನ್ನೂ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಕಾನೂನಿನ ಭಯ ಹಾಗಿರಲಿ. ಹಣ ಕೊಡದೆಯೇ ನ್ಯಾಯವಾಗಿ ಪಡೆಯಬಹುದಾದ ಲಿನಕ್ಸ್‌ನಂಥ ತಂತ್ರಾಂಶಗಳಿವೆ ಎಂದು ಗಿರಾಕಿಗೆ ಹೇಳು ಎಂದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ರಿಪೇರಿಗೆ ಬಂದ ಯಂತ್ರದೊಳಗೆ ಯಾರದೋ ಮನೆಯ ಭಾವಚಿತ್ರಗಳು, ಪತ್ರಗಳು, ಬ್ಯಾಂಕಿನ ಲೆಕ್ಕ ಇರುತ್ತವೆ. ವೈದ್ಯನ ಮುಂದೆ ರೋಗಿ ಇರುವಂತೆ ಅವರು ರಿಪೇರಿಯವನ ಮುಂದೆ ಇರುತ್ತಾರೆ. ನೋಡುವವರು ಯಾರೂ ಇಲ್ಲದಾಗ ತೆರೆಯಬಾರದ ಕಡತವನ್ನು ತೆರೆಯದಿರುವ ಅಭ್ಯಾಸವನ್ನು ಯಾವ ತರಗತಿಯಲ್ಲಿ ಹೇಳಿಕೊಡುತ್ತಾರೆ?

ಮೈಗೆ ಆಗುವ ಅಪಾಯವೂ ಉಂಟು. ಯಂತ್ರದ ವಿದ್ಯುತ್ ಪೆಟ್ಟಿಗೆಗೆ ಬರುವುದು 230 ವೋಲ್ಟು; ಸ್ವಿಚ್ಚು ಆರಿಸಿದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಸೀಸ ಬೆರೆತ ಬೆಸುಗೆಯ ಕೆಲಸವಾಗಲಿ, ಉಬ್ಬಿದ ಬ್ಯಾಟರಿಯನ್ನು ಬಿಚ್ಚುವುದಾಗಲಿ ಮಕ್ಕಳಿಗೆ ತಕ್ಕದ್ದಲ್ಲ. ಆ ಪೆಟ್ಟಿಗೆಯನ್ನು ತೆರೆಯಕೂಡದು, ಬೆಸುಗೆಯ ಕಡ್ಡಿ ಮುಟ್ಟಕೂಡದು ಎಂಬ ಎರಡು ಷರತ್ತುಗಳನ್ನು ನಾನು ಮೊದಲ ದಿನವೇ ಹಾಕಿದ್ದೆ.

ಕಾನೂನು ಏನು ಹೇಳುತ್ತದೆಂಬುದನ್ನು ನೀವು ತಿಳಿದಿರಬೇಕು, ಏಕೆಂದರೆ ಅದು ನಿಮ್ಮ ವಯಸ್ಸಿನವರನ್ನೇ ಕುರಿತದ್ದು. ಬಾಲಕಾರ್ಮಿಕ ಪದ್ಧತಿಯನ್ನು ತಡೆಯಲು 1986ರಲ್ಲಿ ಬಂದ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ ಶಾಲೆಯ ಹೊತ್ತು ಬಿಟ್ಟು ತಂದೆತಾಯಿಗೆ ನೆರವಾಗಲು ವಿನಾಯಿತಿಯಿದೆ. ಹದಿನಾಲ್ಕರಿಂದ ಹದಿನೆಂಟರವರೆಗಿನವರು ಅಪಾಯಕರವಲ್ಲದ ಕೆಲಸ ಮಾಡಬಹುದು. ಆದರೆ ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೂಡದು; ಬಿಡುವಿನ ಹೊತ್ತೂ ಸೇರಿ ದಿನಕ್ಕೆ ಆರು ಗಂಟೆ ಮೀರಕೂಡದು; ಒಂದೇ ಸಮನೆ ಮೂರು ಗಂಟೆ ದುಡಿಸಿದರೆ ಅನಂತರ ಒಂದು ಗಂಟೆಯಾದರೂ ವಿಶ್ರಾಂತಿ ಕೊಡಬೇಕು; ವಾರಕ್ಕೊಂದು ಪೂರ್ಣ ದಿನ ರಜೆ ಕೊಡಬೇಕು.

ಇಲ್ಲಿ ನನ್ನ ಮನಸ್ಸನ್ನು ಬಹಳ ಕಾಡಿದ ಸಂಗತಿಯೊಂದಿದೆ. ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು 2009ರ ಕಾಯಿದೆ ಕೊಟ್ಟಿರುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಎಂದರೆ, ಶಾಲೆಯಲ್ಲಿರಲೇಬೇಕೆಂಬ ಕಟ್ಟು ಸಡಿಲವಾಗುವ ವಯಸ್ಸೂ, ದುಡಿಯಬಹುದೆಂಬ ಬಾಗಿಲು ತೆರೆಯುವ ವಯಸ್ಸೂ ಒಂದೇ. ಒಂಬತ್ತನೆಯ ತರಗತಿ ನಿಂತಿರುವುದು ಸರಿಯಾಗಿ ಆ ಹೊಸ್ತಿಲ ಮೇಲೆ. ಬೇಸಗೆಯಲ್ಲಿ ಗ್ಯಾರೇಜಿಗೋ ಹೋಟೆಲಿಗೋ ಹೋದ ಹುಡುಗ ಜೂನ್ ತಿಂಗಳಲ್ಲಿ ತರಗತಿಗೆ ಮರಳದೆ ಹೋದದ್ದನ್ನು ನನ್ನ ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಅನೇಕ ಸಲ ನೋಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಒಂದು ತಿಂಗಳು ಅವನ ಹೆಸರು ಕೂಗುತ್ತೇವೆ. ಆಮೇಲೆ ಕೆಂಪು ಗೆರೆ. ಮನೆಗೆ ಹೋಗಿ ವಿಚಾರಿಸಿದರೆ ತಾಯಿ, “ದಿನಾ ಕೈಗೆ ನಾಲ್ಕು ಕಾಸು ತರುತ್ತಿದ್ದಾನೆ, ಸ್ವಾಮಿ,” ಎನ್ನುತ್ತಾಳೆ. ಅವಳಿಗೆ ಏನು ಹೇಳಲಿ? ಆದ್ದರಿಂದ ಬೇಸಗೆಯ ದುಡಿಮೆಯನ್ನು ಹೊಗಳುವವರು ಯಾವ ಮನೆಯ ಮಗನಿಗೆ ಹೇಳುತ್ತಿದ್ದೇವೆಂದು ನೋಡಿ ಮಾತನಾಡಬೇಕು. ಉಳ್ಳವರ ಮಗ ಅಂಗಡಿಯಲ್ಲಿ ಕುಳಿತರೆ ಅದಕ್ಕೆ ಅನುಭವವೆಂಬ ಹೆಸರು. ಇಲ್ಲದವರ ಮಗ ಅದೇ ಅಂಗಡಿಯಲ್ಲಿ ಕುಳಿತರೆ ಹಿಂದಿರುಗುವ ದಾರಿ ಮುಚ್ಚಬಹುದು. ದರ್ಜಿಯ ಮಗನ ಮನೆಯಲ್ಲಿ ಅಂಥ ಬಡತನವಿರಲಿಲ್ಲ. ಇದ್ದಿದ್ದರೆ ನಾನು ಆ ಅಂಗಡಿಗೆ ಹೋಗಿ ಮಾತನಾಡುತ್ತಿರಲಿಲ್ಲ. ಬೇರೆ ಕಡೆಗೆ ಹೋಗಿ ಬೇರೆ ಮಾತನಾಡುತ್ತಿದ್ದೆ.

ಅಂಗಡಿಯ ಯಜಮಾನರೊಡನೆ ನಡೆದ ಮಾತನ್ನೂ ಹೇಳಬೇಕು. “ಕೆಲಸ ಬಾರದ ಹುಡುಗನಿಗೆ ಒಂದು ತಿಂಗಳು ಕಲಿಸುವುದು, ಕಲಿತ ಮೇಲೆ ಅವನು ಶಾಲೆಗೆ ಹೊರಟುಹೋಗುವುದು. ನನಗೇನು ಬಂತು ಮೇಷ್ಟ್ರೇ? ನ್ಯಾಯವಾಗಿ ನಾನೇ ಅವನಿಂದ ಫೀಜು ತೆಗೆದುಕೊಳ್ಳಬೇಕು,” ಎಂದರು. ಅವರ ಮಾತಿನಲ್ಲಿಯೂ ಸತ್ಯವಿದೆ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಂಥ ದೊಡ್ಡ ಸಂತೆಯಲ್ಲಿಯಾದರೆ ದಿನವಿಡೀ ಗಿರಾಕಿಗಳು. ನಮ್ಮಂಥ ಊರಿನ ಅಂಗಡಿಯಲ್ಲಿ ಲಾಭ ತೆಳುವಾದದ್ದು. ಆದರೆ ಸಂಬಳವಿಲ್ಲದ ದುಡಿಮೆಗೆ ನಾನು ಒಪ್ಪಲಿಲ್ಲ. ಕಲಿಸುವ ಹೊತ್ತನ್ನು ನೀವು ಲೆಕ್ಕಕ್ಕೆ ಹಿಡಿಯಿರಿ, ಅವನು ಧೂಳು ಒರೆಸಿದ, ಸಾಮಾನು ಜೋಡಿಸಿದ, ಗಿರಾಕಿಯ ಮನೆಗೆ ಪೆಟ್ಟಿಗೆ ಮುಟ್ಟಿಸಿದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದೆ. ಬಿಟ್ಟಿಯಾಗಿ ದೊರೆತ ಕೆಲಸಗಾರನಿಗೆ ಅಂಗಡಿಯಲ್ಲಿ ಗೌರವವಿರುವುದಿಲ್ಲ. ಅವನೂ ಸಮಯಕ್ಕೆ ಸರಿಯಾಗಿ ಬರಬೇಕೆಂದುಕೊಳ್ಳುವುದಿಲ್ಲ. ಎರಡು ಲೋಟ ಕಾಫಿ ಮುಗಿಯುವ ಹೊತ್ತಿಗೆ ಅವರು ಒಪ್ಪಿದರು.

ಒಪ್ಪುವುದಕ್ಕೆ ಮೊದಲು ಅವರು ಒಂದು ಅರ್ಜಿ ಕೇಳಿದ್ದರು. ಹುಡುಗ ಬರೆದು ತಂದ ಅರ್ಜಿಯಲ್ಲಿ “ನನಗೆ ಕಂಪ್ಯೂಟರಿನ ಸಮಸ್ತ ಜ್ಞಾನವಿರುತ್ತದೆ” ಎಂಬ ಸಾಲಿತ್ತು. ಯಾವುದೋ ಮಾದರಿಯಿಂದ ಎತ್ತಿಕೊಂಡದ್ದು. ಸಮಸ್ತ ಜ್ಞಾನವಿದ್ದವನು ಏಕೆ ಬರಬೇಕು ಎಂದು ಕೇಳಿದೆ. ತಲೆ ಕೆರೆದುಕೊಂಡು, ಜಗಲಿಯಲ್ಲಿಯೇ ಕುಳಿತು ಮತ್ತೆ ಬರೆದ: ಕನ್ನಡವನ್ನೂ ಇಂಗ್ಲಿಷನ್ನೂ ಬೆರಳಚ್ಚು ಮಾಡಬಲ್ಲೆ, ಯಂತ್ರದ ಒಳಭಾಗವನ್ನು ನೋಡಿಲ್ಲ, ನೋಡಲು ಆಸೆಯಿದೆ, ಹದಿನೈದು ತುಂಬಿದೆ, ಜನನ ಪ್ರಮಾಣಪತ್ರದ ಪ್ರತಿ ಲಗತ್ತಿಸಿದೆ, ತಂದೆಯವರ ಒಪ್ಪಿಗೆಯ ಸಹಿ ಕೆಳಗಿದೆ, ಮೇ 25ರ ಅನಂತರ ಬರಲಾಗುವುದಿಲ್ಲ. ಯಜಮಾನರು ಅದನ್ನು ಎರಡು ಸಲ ಓದಿದರು. ಕೊನೆಯ ಸಾಲನ್ನು ಮೆಚ್ಚಿಕೊಂಡರೆಂದು ಆಮೇಲೆ ತಿಳಿಯಿತು. ಯಾವಾಗ ಬಿಡುತ್ತೇನೆಂದು ಮೊದಲೇ ಹೇಳಿದ ಕೆಲಸಗಾರ ತಮಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲವಂತೆ.

ಮೇ 25 ಬಂದಿತು, ಹುಡುಗ ಬಿಟ್ಟ. ಸಂಬಳದಲ್ಲಿ ಅರ್ಧವನ್ನು ತಾಯಿಯ ಕೈಗೆ ಕೊಟ್ಟು, ಉಳಿದದ್ದರಲ್ಲಿ ಒಂದು ಜೊತೆ ಸ್ಕ್ರೂಡ್ರೈವರುಗಳನ್ನೂ ಹತ್ತನೆಯ ತರಗತಿಯ ನೋಟುಪುಸ್ತಕಗಳನ್ನೂ ಕೊಂಡ. ತಾಯಿ ಆ ಹಣದ ಸುದ್ದಿಯನ್ನು ತಾನೇ ನೆಂಟರಿಗೆಲ್ಲ ಹೇಳಿ ಬಂದಳಂತೆ.

ಅವನಿಗೊಬ್ಬ ತಂಗಿಯಿದ್ದಾಳೆ. ಅಣ್ಣನ ಸ್ಕ್ರೂಡ್ರೈವರುಗಳನ್ನು ಅವನಿಗಿಂತ ಹೆಚ್ಚು ಬಳಸುವವಳು ಅವಳೇ. ಮೊನ್ನೆ ಅಂಗಡಿಯ ಯಜಮಾನರ ಮುಂದೆ ಅವಳ ಮಾತೆತ್ತಿದೆ. “ಹೆಣ್ಣುಮಗಳು, ಅಂಗಡಿಯಲ್ಲಿ ಹೇಗೆ ಮೇಷ್ಟ್ರೇ?” ಎಂದರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ನಿಮ್ಮ ಅಂಗಡಿಗೆ ಸಾಮಾನು ಕಳುಹಿಸುವ ಕಂಪೆನಿಯಲ್ಲಿ ಹೆಣ್ಣುಮಕ್ಕಳಿಲ್ಲವೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ನೋಡೋಣ ಎಂದರು. ಅವಳಿಗೆ ಈ ಮಾತನ್ನು ತಿಳಿಸಿ, ಹೇಗಿದ್ದರೂ ಇನ್ನೂ ಹದಿನಾಲ್ಕು ತುಂಬಿಲ್ಲವಲ್ಲಮ್ಮ, ಕಾನೂನು ಒಪ್ಪುವುದಿಲ್ಲ ಎಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, “ಬರುವ ಮಾರ್ಚ್ ಹನ್ನೆರಡಕ್ಕೆ ತುಂಬುತ್ತದೆ ಮೇಷ್ಟ್ರೇ, ರಜೆ ಶುರುವಾಗುವುದು ಏಪ್ರಿಲಿನಲ್ಲಿ,” ಎಂದಳು.